ಎರಡು ದಿನಕ್ಕೊಂದು ಊರು

ಶುಕ್ರವಾರದ ಕ್ಲಾಸು ಮುಗಿಸಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಹೊರಡುವುದು; ಭಾನುವಾರ ರಾತ್ರಿ ಕೋಣೆಗೆ ಮರಳುವುದು. ಯುರೋಪಿನಲ್ಲಿ ಓದುವ ವಿದ್ಯಾರ್ಥಿಗಳ ವಾರಾಂತ್ಯದ ಪ್ರವಾಸ ಇಷ್ಟರೊಳಗೆ ಮುಗಿಯುತ್ತದೆ. ನಾಲ್ಕೈದು ಜನ ಗೆಳೆಯರು, ಒಂದು ಊರು, ಎರಡು ಹಗಲು. ಬೀದರ್ ಜಿಲ್ಲೆಯ ಬೇಮಳಖೇಡದ ಮನೆಯೊಂದರಲ್ಲಿ ಕೂತು, ಮಗಳು ವಾಟ್ಸಾಪಿನಲ್ಲಿ ಕಳಿಸಿದ ಪ್ರಾಗ್ ನಗರದ ಸೇತುವೆಯ ಫೋಟೊ ನೋಡುವವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಬ್ಯಾಂಕಿನ ಸಾಲದ ಮೇಲೆ ಓದಲು ಹೋದವರಿಗೆ ದೇಶ ಸುತ್ತಲು ದುಡ್ಡೆಲ್ಲಿಂದ ಬಂತು? ದುಡ್ಡು ಬೇಕಾಗುವುದು ಕಡಿಮೆಯೇ. ಈ ಪ್ರವಾಸ ನಿಂತಿರುವುದು ಕಾಗದಪತ್ರ ಮತ್ತು ರೈಲಿನ ವೇಳಾಪಟ್ಟಿಯ ಮೇಲೆ. ಅವೆರಡನ್ನೂ ಸರಿಯಾಗಿ ಓದಿಕೊಂಡವರಿಗೆ ಅದು ಅಗ್ಗ, ಓದದವರಿಗೆ ಬಲು ದುಬಾರಿ.

ಯುರೋಪಿಗೆ ಓದಲು ಹೋಗುವ ಕನ್ನಡಿಗರ ಆಯ್ಕೆಯಲ್ಲಿ ಜರ್ಮನಿಗೆ ದೊಡ್ಡ ಪಾಲಿದೆ. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 49 ಸಾವಿರ ದಾಟಿತ್ತು; ಆ ದೇಶದ ವಿದೇಶಿ ವಿದ್ಯಾರ್ಥಿಗಳಲ್ಲಿ ಇದೇ ಅತಿ ದೊಡ್ಡ ಗುಂಪು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ಆದರೆ ವೀಸಾ ಸಿಗಬೇಕಾದರೆ ವರ್ಷದ ಖರ್ಚಿಗೆಂದು 11,904 ಯುರೊ ಹಣವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ 992 ಯುರೊ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇರುವುದರಿಂದ ಗೋದಾಮಿನಲ್ಲೋ ಹೋಟೆಲಿನಲ್ಲೋ ಕೆಲಸ ಮಾಡಿ ಕೈಖರ್ಚು ಹೊಂದಿಸಿಕೊಳ್ಳುವವರೇ ಹೆಚ್ಚು. ಆ ಕೈಖರ್ಚಿನಲ್ಲೇ ಪ್ರವಾಸವೂ ಆಗಬೇಕು.

ಕಾಗದಪತ್ರದ ಮಾತು ಊರಿನಿಂದಲೇ ಶುರುವಾಗುತ್ತದೆ. ಹುಮನಾಬಾದ್, ಚಿಟಗುಪ್ಪ ಭಾಗದವರಿಗೆ ಹತ್ತಿರದ ದೊಡ್ಡ ನಗರ ಹೈದರಾಬಾದ್. ವಿಮಾನ ಹತ್ತುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಜರ್ಮನಿಯ ವೀಸಾಕ್ಕೆ ಮಾತ್ರ ದೂರದ ಬೆಂಗಳೂರಿನ ಕಾನ್ಸುಲೇಟಿನ ವ್ಯಾಪ್ತಿಗೆ ಹೋಗಬೇಕು, ಏಕೆಂದರೆ ಕರ್ನಾಟಕ, ಕೇರಳಗಳು ಅದಕ್ಕೆ ಸೇರಿವೆ. ಹೀಗೆ ಪಡೆದ ವೀಸಾದ ಮೇಲೆ ಜರ್ಮನಿಗೆ ಹೋಗಿ, ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಕಾರ್ಡು ಮಾಡಿಸಿಕೊಂಡ ಮೇಲೆ ಅದೇ ಕಾರ್ಡು ಪಕ್ಕದ ದೇಶಗಳ ಬಾಗಿಲನ್ನೂ ತೆರೆಯುತ್ತದೆ.

ಇದಕ್ಕೆ ಕಾರಣ ಷೆಂಗೆನ್ ಒಪ್ಪಂದ. 1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲೆ ನಿಂತ ಹಡಗಿನಲ್ಲಿ ಐದು ದೇಶಗಳು ಇದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಗೆ ಬಂದು ಒಳಗಡಿಗಳ ಪಾಸ್‌ಪೋರ್ಟ್ ತಪಾಸಣೆ ನಿಂತಿತು. ಈಗ ಇದರಲ್ಲಿ 29 ದೇಶಗಳಿವೆ. ಹುಮನಾಬಾದಿನಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಹೋಗುವವರಿಗೆ ರಾಜ್ಯದ ಗಡಿ ದಾಟಿದ್ದು ರಸ್ತೆಬದಿಯ ಬೋರ್ಡಿನಿಂದ ತಿಳಿಯುವ ಹಾಗೆ, ಈ ದೇಶಗಳ ನಡುವಿನ ಗಡಿಯೂ ರೈಲಿನ ಕಿಟಕಿಯಾಚೆ ಸದ್ದಿಲ್ಲದೆ ಸರಿದುಹೋಗುತ್ತದೆ. ಒಂದು ದೇಶದ ವಾಸದ ಪರವಾನಗಿ ಇರುವವರು ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ತಿರುಗಾಡಬಹುದು. ವಾರಾಂತ್ಯದ ಪ್ರವಾಸಕ್ಕೆ ಇದು ಧಾರಾಳವಾಯಿತು.

ಗಡಿಯಲ್ಲಿ ಯಾರೂ ಕೇಳುವುದಿಲ್ಲವೆಂದು ಪಾಸ್‌ಪೋರ್ಟ್ ಕೋಣೆಯಲ್ಲೇ ಬಿಟ್ಟು ಹೊರಡುವುದು ಹೊಸಬರು ಮಾಡುವ ಮೊದಲ ತಪ್ಪು. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಎರಡೂ ಮೂಲಪ್ರತಿಯಲ್ಲೇ ಜೊತೆಗಿರಬೇಕು. ಮೊಬೈಲಿನಲ್ಲಿರುವ ಫೋಟೊ ನಡೆಯುವುದಿಲ್ಲ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿದ್ದರಿಂದ ಪೊಲೀಸರು ರೈಲು, ಬಸ್ಸು ಹತ್ತಿ ಕಾಗದ ಕೇಳುವುದು ಸಾಮಾನ್ಯವಾಗಿದೆ. ಪರವಾನಗಿಯ ಅವಧಿ ಮುಗಿದು ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಇನ್ನೂ ಎಚ್ಚರದಿಂದಿರಬೇಕು: ಮಧ್ಯಂತರದಲ್ಲಿ ಕೊಡುವ ಚೀಟಿಗಳಲ್ಲಿ ಕೆಲವು ಬಗೆಯವು ದೇಶ ದಾಟಲು ನಡೆಯುವುದಿಲ್ಲ. ಅಂಥ ತಿಂಗಳುಗಳಲ್ಲಿ ದೇಶದೊಳಗಿನ ಊರುಗಳನ್ನು ನೋಡುವುದೇ ಜಾಣತನ, ಮತ್ತು ನೋಡಬೇಕಾದ ಊರುಗಳಿಗೆ ಅಲ್ಲೇನೂ ಬರವಿಲ್ಲ.

ದೇಶದೊಳಗೆ ತಿರುಗಲು ಜರ್ಮನಿಯಲ್ಲಿ 2023ರ ಮೇ 1ರಿಂದ ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ಮಾಸಿಕ ಪಾಸು ಇದೆ. ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಮೆಟ್ರೊ ಮತ್ತು ಪ್ರಾದೇಶಿಕ ರೈಲುಗಳಿಗೆ ಈ ಒಂದೇ ಪಾಸು ಸಾಕು. ಶುರುವಿನಲ್ಲಿ ತಿಂಗಳಿಗೆ 49 ಯುರೊ ಇದ್ದದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ಅನೇಕ ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಶುಲ್ಕದಲ್ಲೇ ಇದನ್ನು ಕಡಿಮೆ ದರದಲ್ಲಿ ಸೇರಿಸಿ ಕೊಡುತ್ತವೆ. ಆಗ ವಿದ್ಯಾರ್ಥಿಗೆ ಅದು ಪೂರ್ತಿ ದರದ ಶೇ 60ಕ್ಕೆ ಬೀಳುತ್ತದೆ. ಪಾಸು ಕೈಯಲ್ಲಿದ್ದ ಮೇಲೆ ವಾರಾಂತ್ಯದ ರೈಲು ಖರ್ಚು ಸೊನ್ನೆ.

ಅಗ್ಗವಾದದ್ದಕ್ಕೆ ತಕ್ಕ ಮಿತಿಯೂ ಉಂಟು. ಐಸಿಇ, ಐಸಿ ಹೆಸರಿನ ವೇಗದ ರೈಲುಗಳನ್ನು ಇದರಲ್ಲಿ ಹತ್ತುವಂತಿಲ್ಲ. ಬರ್ಲಿನ್‌ನಿಂದ ಮ್ಯೂನಿಕ್‌ಗೆ ಐಸಿಇ ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸಿದರೆ, ಪ್ರಾದೇಶಿಕ ರೈಲುಗಳಲ್ಲಿ ಹತ್ತಿ ಇಳಿದು ಹೋಗಲು ಒಂಬತ್ತು ಹತ್ತು ಗಂಟೆ ಬೇಕು. ನಡುವೆ ಒಂದು ರೈಲು ತಡವಾದರೆ ಮುಂದಿನದೂ ತಪ್ಪುತ್ತದೆ. ಜರ್ಮನಿಯ ರೈಲು ಗಡಿಯಾರದಂತೆ ಓಡುತ್ತದೆ ಎಂಬುದು ಈಗ ಹಳೆಯ ನಂಬಿಕೆ. ಆದ್ದರಿಂದ ವಾರಾಂತ್ಯಕ್ಕೆ ಮೂರು ಗಂಟೆಯೊಳಗಿನ ಊರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪಾಸಿಲ್ಲದ ಗೆಳೆಯರು ಜೊತೆಗಿದ್ದರೆ ಐದು ಜನರವರೆಗೆ ಒಂದೇ ಚೀಟಿಯಲ್ಲಿ ಹೋಗಬಹುದಾದ ರಾಜ್ಯಮಟ್ಟದ ದಿನದ ಟಿಕೆಟ್‌ಗಳಿವೆ. ಬವೇರಿಯದ ಅಂಥ ಟಿಕೆಟಿನಲ್ಲಿ ಗಡಿಯಾಚೆ ಆಸ್ಟ್ರಿಯದ ಸಾಲ್ಸ್‌ಬುರ್ಗ್‌ವರೆಗೂ ಹೋಗಿಬರಬಹುದು. ದೂರದ ಊರಿಗೆ ಫ್ಲಿಕ್ಸ್‌ಬಸ್ಸಿನ ರಾತ್ರಿ ಪ್ರಯಾಣ ಅಗ್ಗ. ಕೋಣೆ ಬಾಡಿಗೆಯೂ ಉಳಿಯುತ್ತದೆ, ಮರುದಿನದ ಸೊಂಟನೋವು ಉಚಿತ.

ಅಗ್ಗದ ವಿಮಾನಗಳ ವಿಷಯದಲ್ಲಿ ಇಷ್ಟು ತಿಳಿದಿದ್ದರೆ ಸಾಕು: ಟಿಕೆಟಿನ ಮೇಲಿನ ಬೆಲೆ ಆಸನದ ಅಡಿಗೆ ಸೇರುವ ಸಣ್ಣ ಚೀಲವೊಂದಕ್ಕೆ ಮಾತ್ರ. ಇಳಿಸುವ ನಿಲ್ದಾಣವೂ ಹೆಸರಿಗಷ್ಟೇ ಆ ಊರಿನದು. ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರ, ಎಂದರೆ ಬೀದರ್–ಕಲಬುರಗಿ ರೈಲು ಮಾರ್ಗಕ್ಕಿಂತಲೂ ಉದ್ದ.

ಉಳಿಯುವ ಜಾಗ ಹಾಸ್ಟೆಲು. ನಮ್ಮಲ್ಲಿ ಈ ಹೆಸರು ವಿದ್ಯಾರ್ಥಿ ನಿಲಯಕ್ಕೆ. ಅಲ್ಲಿ ದಾರಿಹೋಕರು ರಾತ್ರಿಯೊಂದರ ಬಾಡಿಗೆಗೆ ಮಂಚ ಹಿಡಿಯುವ ತಂಗುದಾಣಕ್ಕೆ. ಶಾಲಾ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರಿಚರ್ಡ್ ಷಿರ್‌ಮನ್ ಎಂಬ ಜರ್ಮನ್ ಮೇಷ್ಟ್ರು ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದರು. ಈಗ ನಾಲ್ಕು, ಆರು, ಎಂಟು ಮಂಚಗಳ ಕೋಣೆಗಳು ಎಲ್ಲ ನಗರಗಳಲ್ಲೂ ಇವೆ. ಮಂಚದ ಮೇಲೆ ಮಂಚ, ಗೋಡೆಗೊಂದು ಲಾಕರು, ಅದಕ್ಕೆ ಬೀಗ ನಮ್ಮದೇ. ನಾಲ್ಕು ಜನ ಸೇರಿ ಹೋಗುವುದರ ದೊಡ್ಡ ಲಾಭ ಕಾಣುವುದು ಇಲ್ಲೇ: ನಾಲ್ಕು ಮಂಚದ ಕೋಣೆ ಪೂರ್ತಿ ತಮ್ಮದಾಗುತ್ತದೆ, ಅಪರಿಚಿತರ ಗೊರಕೆ ತಪ್ಪುತ್ತದೆ. ಹುಡುಗಿಯರಿಗಷ್ಟೇ ಮೀಸಲಾದ ಕೋಣೆಗಳೂ ಅನೇಕ ಕಡೆ ಸಿಗುತ್ತವೆ. ಬುಕ್ ಮಾಡುವಾಗ ಕಂಡ ಬೆಲೆಯ ಮೇಲೆ ಹಲವು ನಗರಗಳಲ್ಲಿ ನಗರ ತೆರಿಗೆ ಬೇರೆ ಕೊಡಬೇಕು.

ಅಡುಗೆಮನೆ ಇರುವ ಹಾಸ್ಟೆಲ್ ಸಿಕ್ಕರೆ ಊಟದ ಚಿಂತೆ ಅರ್ಧ ಕಳೆದಂತೆ. ಅನ್ನ, ಬೇಳೆ ಬೇಯಿಸಿಕೊಂಡು, ಊರಿನಿಂದ ಬಂದ ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಿದರೆ ಬೀದರ್ ಕಡೆಯವರಿಗೆ ಬೇರೇನೂ ಬೇಡ. ಕಟಕಟಿ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವಾದರೂ ಬೆನ್ನಚೀಲದಲ್ಲಿ ಹಾಕಿ ಒಯ್ದರೆ ಕೊನೆಗೆ ಉಳಿಯುವುದು ಪುಡಿಯೇ. ಹೊರಗೆ ಸಸ್ಯಾಹಾರಿಗಳಿಗೆ ಸುಲಭವಾಗಿ ಸಿಗುವುದು ತುರ್ಕಿ ಅಂಗಡಿಗಳ ಫಲಾಫೆಲ್, ಅದೂ ಕಡಲೆಯ ವಡೆಯೇ. ಹೆಚ್ಚಿನ ಊರುಗಳಲ್ಲಿ ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ. ಕೊಂಡರೂ ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಮೇಲೆ ಮುಂಗಡವಾಗಿ ಹಿಡಿದ 25 ಸೆಂಟು ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದಾಗ ವಾಪಸು ಬರುತ್ತದೆ. ಭಾನುವಾರ ಆ ದೇಶದ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳಷ್ಟೇ ತೆರೆದಿರುತ್ತವೆ. ಶನಿವಾರ ಸಂಜೆಯೇ ಬ್ರೆಡ್ಡು, ಮೊಸರು, ಹಣ್ಣು ತಂದಿಟ್ಟುಕೊಳ್ಳದವರು ಮರುದಿನ ಹೋಟೆಲಿನ ಬೆಲೆ ತೆರಬೇಕಾಗುತ್ತದೆ.

ಊರಿನ ಆಯ್ಕೆಯಲ್ಲಿ ಪ್ಯಾರಿಸ್, ಪ್ರಾಗ್, ಆಮ್‌ಸ್ಟರ್‌ಡ್ಯಾಂ ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಕನ್ನಡದ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇರಬೇಕಾಗಿಯೂ ಬಿಟ್ಟುಹೋಗುವ ಊರು ಟ್ಯೂಬಿಂಗೆನ್. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ. ನೆಕ್ಕಾರ್ ನದಿಯ ದಂಡೆಯ ಈ ಸಣ್ಣ ಊರಿನ ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ಅದು ಇದಕ್ಕಿಂತ ಐದು ವರ್ಷ ಹಿರಿಯದು. ಟ್ಯೂಬಿಂಗೆನ್ನಿನಲ್ಲಿ ಇವತ್ತಿಗೂ ಪಾಠ ನಡೆಯುತ್ತಿದೆ. ಬೀದರಿನ ಕಟ್ಟಡ 1696ರ ಮದ್ದಿನ ಸ್ಫೋಟದಲ್ಲಿ ಮುಂಭಾಗದ ದೊಡ್ಡ ಪಾಲನ್ನು ಕಳೆದುಕೊಂಡು, ಉಳಿದ ಒಂದೇ ಮಿನಾರಿನೊಂದಿಗೆ ನಿಂತಿದೆ.

ಕನ್ನಡದ ಮಟ್ಟಿಗೆ ಟ್ಯೂಬಿಂಗೆನ್ನಿನ ಹೆಸರು ಹಲವು ಕಡೆ ಬರುತ್ತದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನೆಂಡ್ ಕಿಟ್ಟೆಲ್‌ಗೆ ಇದೇ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದೂ ಈ ಊರಿನಲ್ಲೇ. ಮಲಯಾಳಂಗೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಸಹ ಇಲ್ಲಿಯ ವಿದ್ಯಾರ್ಥಿ. ಅವರ ಮೊಮ್ಮಗ, ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ, 1895ರಿಂದ 1899ರವರೆಗೆ ಇಲ್ಲಿನ ಹೆಕ್ಕೆನ್‌ಹಾವರ್ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದರು.

ಒಂದು ದಿನಕ್ಕೆ ಈ ಊರು ಸಾಕು, ಎರಡು ದಿನವಾದರೆ ನೆಮ್ಮದಿ. ನೆಕ್ಕಾರ್ ಸೇತುವೆಯ ಮೇಲೆ ನಿಂತರೆ ನದಿಗೆ ಮುಖಮಾಡಿದ ಬಣ್ಣದ ಮನೆಗಳ ಸಾಲು, ಅದರ ಕೊನೆಗೆ ಕವಿ ಹ್ಯೋಲ್ಡರ್ಲಿನ್ 1807ರಿಂದ ಸಾಯುವವರೆಗೆ, ಎಂದರೆ 36 ವರ್ಷ ಇದ್ದ ಹಳದಿ ಗೋಪುರ. ಕೆಳಗೆ ಉದ್ದನೆಯ ಚಪ್ಪಟೆ ದೋಣಿಗಳು. ಹುಟ್ಟು ಇಲ್ಲ, ಹಿಂದೆ ನಿಂತವರು ಗಳ ಊರಿ ನೂಕುತ್ತಾರೆ. ಪ್ರತಿ ಬೇಸಿಗೆಯಲ್ಲಿ ವಿದ್ಯಾರ್ಥಿ ತಂಡಗಳ ದೋಣಿ ಪಂದ್ಯ ನಡೆಯುತ್ತದೆ, ಸೋತ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ ಫ್ರೀಡ್ರಿಷ್ ಮೀಷರ್ 1869ರಲ್ಲಿ, ಮುಂದೆ ಡಿಎನ್‌ಎ ಎಂದು ಜಗತ್ತು ಕರೆದ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದರು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಕುದುರೆಯ ಪುಟ್ಟ ಗೊಂಬೆಯಿದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ವಯಸ್ಸು ಸುಮಾರು 40 ಸಾವಿರ ವರ್ಷ. ಜೀವವಿಜ್ಞಾನ ಓದುವವರಿಗೂ ಇತಿಹಾಸ ಓದುವವರಿಗೂ ಒಂದೇ ಗುಡ್ಡ ಹತ್ತಿದರೆ ಸಾಕು.

ಇದೇ ದಾರಿಯಲ್ಲಿ ಮುಂದುವರಿದರೆ ಬಾಸೆಲ್. ಮಂಗಳೂರು, ಧಾರವಾಡದವರಿಗೆ ಹಂಚು, ಶಾಲೆ, ಅಚ್ಚುಕೂಟಗಳ ಮೂಲಕ ಪರಿಚಿತವಾದ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ ಊರು ಇದು. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಜಾಗ. ಊರಿನ ಬಾಡಿಷರ್ ನಿಲ್ದಾಣ ಸ್ವಿಸ್ ನೆಲದಲ್ಲಿದ್ದರೂ ಜರ್ಮನ್ ರೈಲ್ವೆಯದು. ಹಾಗಾಗಿ ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿಯವರೆಗೂ ನಡೆಯುತ್ತದೆ. ಊರಿನ ಹೋಟೆಲು, ಹಾಸ್ಟೆಲುಗಳಲ್ಲಿ ರಾತ್ರಿ ತಂಗುವವರಿಗೆ ‘ಬಾಸೆಲ್ ಕಾರ್ಡ್’ ಸಿಗುತ್ತದೆ, ಅದಿದ್ದರೆ ಟ್ರಾಮು, ಬಸ್ಸು ಪುಕ್ಕಟೆ. ಸ್ವಿಸ್ ಬೆಲೆಗಳು ಮಾತ್ರ ಎದೆ ಝಲ್ಲೆನಿಸುತ್ತವೆ. ಅದಕ್ಕೂ ಸ್ಥಳೀಯರೇ ತೋರಿಸಿಕೊಟ್ಟ ಉಪಾಯವಿದೆ: 8ನೇ ನಂಬರಿನ ಟ್ರಾಮು ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಪಟ್ಟಣಕ್ಕೆ ಹೋಗುತ್ತದೆ. ಶನಿವಾರ ಆ ಟ್ರಾಮಿನ ತುಂಬ ದಿನಸಿ ಚೀಲಗಳೇ.

ಬಾಸೆಲ್‌ಗೆ ಹೋಗುವವರು ಆರೋಗ್ಯ ವಿಮೆಯ ಒಂದು ಸೂಕ್ಷ್ಮ ಗಮನಿಸಬೇಕು. ಜರ್ಮನಿಯ ಸಾರ್ವಜನಿಕ ವಿಮಾ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡು. ಆದರೆ ಯುರೋಪ್ ಒಕ್ಕೂಟದ ಪೌರರಲ್ಲದವರಿಗೆ ಅದು ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲಿ ನಡೆಯುವುದಿಲ್ಲ. ಈ ದೇಶಗಳಿಗೆ ಎರಡು ದಿನಕ್ಕಾದರೂ ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಬೇಕು.

ಪೌರತ್ವ ಬೇರೆ, ವಾಸ ಬೇರೆ. ಈ ವ್ಯತ್ಯಾಸ ವಸ್ತುಸಂಗ್ರಹಾಲಯಗಳ ಬಾಗಿಲಲ್ಲೂ ಎದುರಾಗುತ್ತದೆ. ಪ್ಯಾರಿಸಿನ ಲೂವ್ರ್‌ನಲ್ಲಿ ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸಿಸುವ 26ರೊಳಗಿನವರಿಗೆ ಪ್ರವೇಶ ಉಚಿತ. ವಾಸ ಎಂದದ್ದರಿಂದ ಹುಮನಾಬಾದಿನ ಹುಡುಗನೂ ಪರವಾನಗಿ ಕಾರ್ಡು ತೋರಿಸಿ ಒಳಗೆ ಹೋಗಬಹುದು. ಇಟಲಿಯ ಸರ್ಕಾರಿ ಸಂಗ್ರಹಾಲಯಗಳಲ್ಲಿ 18ರಿಂದ 25ರವರಿಗೆ ಇರುವ 2 ಯುರೊ ಟಿಕೆಟು ಒಕ್ಕೂಟದ ಪೌರರಿಗೆ. ಅಲ್ಲಿ ಅದೇ ಹುಡುಗ ಪೂರ್ತಿ ದರ ಕೊಡಬೇಕು. ಟಿಕೆಟ್ ಕಿಟಕಿಯ ಸಣ್ಣಕ್ಷರ ಓದುವ ಅಭ್ಯಾಸಕ್ಕೆ ಯುರೋಪಿನಲ್ಲಿ ಒಳ್ಳೆಯ ಕೂಲಿ ಇದೆ.

ಪ್ರಾಗ್, ಬುಡಾಪೆಸ್ಟ್‌ಗಳಿಗೆ ಹೋದಾಗ ನಾಣ್ಯ ಬದಲಾಗುತ್ತದೆ. ಜೆಕ್ ದೇಶದಲ್ಲಿ ಕೊರುನಾ, ಹಂಗೆರಿಯಲ್ಲಿ ಫೋರಿಂಟ್. ಕಾರ್ಡು ಉಜ್ಜಿದಾಗ ಯಂತ್ರ ‘ಯುರೊದಲ್ಲಿ ಕೊಡುವಿರಾ, ಕೊರುನಾದಲ್ಲಾ’ ಎಂದು ಕೇಳುತ್ತದೆ. ಸ್ಥಳೀಯ ನಾಣ್ಯವನ್ನೇ ಒತ್ತಬೇಕು. ಯುರೊ ಒತ್ತಿದರೆ ಯಂತ್ರದ ಮಾಲೀಕರು ತಮಗೆ ಬೇಕಾದ ದರದಲ್ಲಿ ಲೆಕ್ಕ ಹಾಕುತ್ತಾರೆ. ಗೆಳೆಯರ ನಡುವಿನ ಲೆಕ್ಕಕ್ಕೆ ಸ್ಪ್ಲಿಟ್‌ವೈಸ್ ಆ್ಯಪ್ ಇದೆ: ಯಾರು ಟಿಕೆಟ್ ತೆಗೆದರು, ಯಾರು ಊಟಕ್ಕೆ ಕೊಟ್ಟರು ಎಂದು ಬರೆಯುತ್ತ ಹೋದರೆ ಕೊನೆಗೆ ಯಾರಿಗೆ ಎಷ್ಟು ಬಾಕಿ ಎಂದು ಅದೇ ಹೇಳುತ್ತದೆ. ಆಮೇಲೆ ನೋಡೋಣ ಎಂದು ಬಿಟ್ಟ ಲೆಕ್ಕದಿಂದ ಕೆಟ್ಟ ಗೆಳೆತನಗಳು ಕಡಿಮೆಯಿಲ್ಲ.

ಲಂಡನ್ ಈ ವ್ಯವಸ್ಥೆಯಿಂದ ಹೊರಗೆ. ಬ್ರಿಟನ್, ಐರ್ಲೆಂಡ್‌ಗಳು ಷೆಂಗೆನ್‌ಗೆ ಸೇರಿಲ್ಲ. ಜರ್ಮನಿಯಲ್ಲಿ ಓದುವ ಭಾರತೀಯರು ಲಂಡನ್ನಿಗೆ ಹೋಗಲು ನೂರು ಪೌಂಡಿಗೂ ಹೆಚ್ಚು ಕೊಟ್ಟು ಬೇರೆ ವೀಸಾ ಪಡೆಯಬೇಕು. ಲಂಡನ್ನಿನಲ್ಲಿ ಓದುವವರಿಗೆ ಎರಡೂಕಾಲು ಗಂಟೆಯ ರೈಲು ದೂರದ ಪ್ಯಾರಿಸಿಗೆ ಹೋಗಲೂ 90 ಯುರೊ ಶುಲ್ಕದ ಷೆಂಗೆನ್ ವೀಸಾ ಬೇಕು. ಹೀಗಾಗಿ ಬ್ರಿಟನ್ನಿನಲ್ಲಿ ಇರುವವರ ವಾರಾಂತ್ಯಗಳು ಹೆಚ್ಚಾಗಿ ಆ ದ್ವೀಪದೊಳಗೇ ಕಳೆಯುತ್ತವೆ. ಅವರಲ್ಲಿ ಕಲ್ಯಾಣ ಕರ್ನಾಟಕದವರು ಹುಡುಕಿಕೊಂಡು ಹೋಗಲು ಒಂದು ಜಾಗವಿದೆ. ಥೇಮ್ಸ್ ನದಿಯ ದಕ್ಷಿಣ ದಂಡೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅದರ ಹಿಂದಿನ ಓಡಾಟ ಕಲಬುರಗಿ ಮೂಲದವರೂ ಲ್ಯಾಂಬೆತ್ ಭಾಗದ ಮಾಜಿ ಮೇಯರೂ ಆದ ನೀರಜ್ ಪಾಟೀಲರದು. ಬಸವಕಲ್ಯಾಣದ 108 ಅಡಿ ಎತ್ತರದ ಮೂರ್ತಿ ನೋಡಿ ಬೆಳೆದವರಿಗೆ ಇದು ಚಿಕ್ಕದೆನಿಸಬಹುದು. ಆದರೆ ನದಿಯ ಆಚೆ ದಂಡೆಗೆ ಬ್ರಿಟಿಷ್ ಸಂಸತ್ತು ಕಾಣುತ್ತದೆ, ಅನುಭವ ಮಂಟಪದ ನೆನಪು ಹೊತ್ತವರಿಗೆ ಜಾಗದ ಆಯ್ಕೆ ಹಿಡಿಸದೇ ಇರದು.

ಊರು ನೋಡುವುದಕ್ಕಿಂತ ಕನ್ನಡ ಕೇಳುವುದೇ ಬೇಕೆನಿಸಿದ ವಾರಾಂತ್ಯಗಳಿಗೆ ಫ್ರಾಂಕ್‌ಫರ್ಟಿನ ರೈನ್–ಮೈನ್ ಕನ್ನಡ ಸಂಘ, ಮ್ಯೂನಿಕ್ಕಿನ ಸಿರಿಗನ್ನಡಕೂಟದಂಥ ಸಂಘಗಳಿವೆ. ಯುಗಾದಿ, ರಾಜ್ಯೋತ್ಸವಗಳಿಗೆ ಬೇರೆ ಊರುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಬಾಳೆಎಲೆ ಇಲ್ಲದಿದ್ದರೂ ಹೋಳಿಗೆ ಇರುತ್ತದೆ.

ದಿನವನ್ನು ಹೊಂದಿಸಿಕೊಳ್ಳುವಾಗ ಋತುವನ್ನು ಮರೆಯುವಂತಿಲ್ಲ. ಜೂನ್‌ನಲ್ಲಿ ಬರ್ಲಿನ್‌ನ ಸೂರ್ಯ ರಾತ್ರಿ ಒಂಬತ್ತೂವರೆ ನಂತರ ಮುಳುಗಿದರೆ, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲು. ಚಳಿಗಾಲದಲ್ಲಿ ತಿರುಗಾಟವನ್ನು ಬೆಳಗ್ಗೆಯೇ ಮುಗಿಸಿ, ಕತ್ತಲಾದ ಮೇಲೆ ಸಂಗ್ರಹಾಲಯವನ್ನೋ ಕ್ರಿಸ್‌ಮಸ್ ಸಂತೆಯನ್ನೋ ಇಟ್ಟುಕೊಳ್ಳುತ್ತಾರೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದುಮುಂದಾಗುತ್ತವೆ. ಮಾರ್ಚಿನಲ್ಲಿ ಅಂದು ಬೆಳಗಿನ ಜಾವ ಎರಡರ ನಂತರ ನೇರ ಮೂರು. ಮೊಬೈಲು ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗದು. ಅದನ್ನೇ ನಂಬಿ ಹೊರಟರೆ ಬಸ್ಸು ಹೋಗಿ ಒಂದು ಗಂಟೆಯಾಗಿರುತ್ತದೆ.

ಮರಳುವ ರೈಲನ್ನು ಕೊನೆಯದಕ್ಕೆ ಇಟ್ಟುಕೊಳ್ಳದೆ, ಅದರ ಹಿಂದಿನದಕ್ಕೆ ಹತ್ತುವುದು ಅನುಭವಸ್ಥರ ಪದ್ಧತಿ. ಟಿಕೆಟ್ ಕೊಂಡ ರೈಲು ಒಂದು ಗಂಟೆ ತಡವಾಗಿ ಮುಟ್ಟಿದರೆ ದರದ ಶೇ 25, ಎರಡು ಗಂಟೆಯಾದರೆ ಶೇ 50 ಹಣವನ್ನು ಯುರೋಪಿನ ನಿಯಮದಂತೆ ವಾಪಸು ಕೇಳಬಹುದು. ಅರ್ಜಿಯನ್ನು ಜರ್ಮನಿಯಲ್ಲಿ ರೈಲ್ವೆಯ ಆ್ಯಪಿನಲ್ಲೇ ತುಂಬಲು ಬರುತ್ತದೆ. ತಡವಾದ ರೈಲಿನಲ್ಲಿ ಕೂತೇ ಅದನ್ನು ತುಂಬಿ ಮುಗಿಸುವವರೂ ಇದ್ದಾರೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಲ್ಯಾಬ್ ಇರುವವರಿಗೆ ಬೇರೆ ಹೊತ್ತು ಸಿಗುವುದಿಲ್ಲ.